ಕೆಲಸವಿಲ್ಲದ ಗೇಟಿನ ಸಂದರ್ಶನ

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸೊಂದರಲ್ಲಿ ಕಾಫಿ ಬೀಜ ಆರಿಸುವ ಕಲರ್ ಸಾರ್ಟರ್ ಇದೆ. ಮೇಲಿಂದ ಸುರಿಯುವ ಬೀಜವನ್ನು ಕ್ಯಾಮೆರಾ ನೋಡುತ್ತದೆ. ಕಪ್ಪು ಬೀಜವಾದರೆ ಅದು ಕೆಳಗೆ ಬೀಳುವಷ್ಟರಲ್ಲಿ ಗಾಳಿ ಊದಿ ಆಚೆ ತಳ್ಳುತ್ತದೆ. ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಚಿಪ್ಪಿನೊಳಗೆ ಲಕ್ಷಾಂತರ ಲಾಜಿಕ್ ಗೇಟುಗಳು. ಅವುಗಳಲ್ಲೊಂದು ಆಂಡ್ ಗೇಟು, ತನಗೆ ಅಲ್ಲೇನೂ ಕೆಲಸವಿಲ್ಲ ಎಂದು ಒಪ್ಪಿಕೊಂಡು ಮಾತಿಗೆ ಕೂತಿತು. ಕರೆಂಟು ಹೋಗಿದ್ದರಿಂದ ಬಿಡುವೂ ಇತ್ತು.

ಪ್ರಶ್ನೆ: ಕೆಲಸವಿಲ್ಲ ಎಂದರೆ?

ಗೇಟು: ಎರಡೂ ಕಡೆಯಿಂದ 1 ಬಂದರೆ ಮಾತ್ರ 1 ಅನ್ನುವುದು ನನ್ನ ಧರ್ಮ ಮಾರಾಯ್ರೆ. ಆದರೆ ನನ್ನ ಒಂದು ಕಡೆಯ ತಂತಿ ಸದಾ 1. ಹಾಗಾಗಿ ಇನ್ನೊಂದು ಕಡೆಯಿಂದ ಬಂದದ್ದನ್ನು ಬಂದ ಹಾಗೇ ಮುಂದಕ್ಕೆ ಕಳಿಸುತ್ತೇನೆ. 'ಪರಿಶೀಲಿಸಿ ಮಂಡಿಸಿದೆ' ಎಂದು ಬರೆದು ಫೈಲನ್ನು ಮುಂದಿನ ಮೇಜಿಗೆ ತಳ್ಳುವ ಗುಮಾಸ್ತನೇ ನಾನು.

ಪ್ರಶ್ನೆ: ಇಂಥವರನ್ನು ಹುಡುಕಿ ತೆಗೆಯುವ ತಂತ್ರಾಂಶಗಳಿವೆಯಂತಲ್ಲ?

ಗೇಟು: ಧಾರಾಳ. ಸ್ವಿಚ್ಚುಗಳ ಸರ್ಕ್ಯೂಟನ್ನು ಬೂಲ್‌ನ ಬೀಜಗಣಿತದಲ್ಲಿ ಬರೆದು ಸರಳ ಮಾಡಬಹುದು ಎಂದು 1937ರಲ್ಲಿ ಕ್ಲಾಡ್ ಶಾನನ್ ಎಂಬ ವಿದ್ಯಾರ್ಥಿ ತೋರಿಸಿದ. ಅವತ್ತಿನಿಂದ ನಮ್ಮ ತಲೆ ಮೇಲೆ ಕತ್ತಿ. 1953ರಲ್ಲಿ ಕಾರ್ನೊ ಎಂಬಾತ ಅದಕ್ಕೊಂದು ಚೌಕುಳಿ ನಕ್ಷೆ ಕೊಟ್ಟ. ಇಂಜಿನಿಯರಿಂಗ್ ಮಕ್ಕಳು ಪರೀಕ್ಷೆಯಲ್ಲಿ ಇವತ್ತಿಗೂ ಸುತ್ತು ಹಾಕುವುದು ಅದಕ್ಕೇ. ನಾಲ್ಕೈದು ಇನ್‌ಪುಟ್ಟಿಗೆ ಅದು ಸಾಕು. ಇನ್ನೂ ದೊಡ್ಡದಕ್ಕೆ ಐಬಿಎಂ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಎಸ್ಪ್ರೆಸೊ ಎಂಬ ತಂತ್ರಾಂಶ ಬರೆದರು. ಬಾಬಾಬುಡನ್‌ಗಿರಿಯ ಬುಡದಲ್ಲಿರುವ ನಮ್ಮನ್ನು ಒಂದು ಮಾತು ಕೇಳಲಿಲ್ಲ ಬಿಡಿ.

ಪ್ರಶ್ನೆ: ಈಗಲೂ ಅದೇ ನಡೆಯುತ್ತಿದೆಯೇ?

ಗೇಟು: ಈಗ ಬರ್ಕ್ಲಿಯದೇ ಎಬಿಸಿಯಂಥ ತಂತ್ರಾಂಶಗಳು ಬಂದಿವೆ. ಅದು ಇಡೀ ಸರ್ಕ್ಯೂಟನ್ನು ಆಂಡ್ ಗೇಟು, ಇನ್ವರ್ಟರು ಎರಡರಲ್ಲೇ ಬರೆದುಕೊಳ್ಳುತ್ತದೆ. ಬಹುಮತ ನಮ್ಮವರದೇ, ಆದರೂ ತಲೆ ಹೋಗುವುದು ನಮ್ಮವರದೇ. ಗೇಟುಗಳನ್ನು ಸಣ್ಣ ಸಣ್ಣ ಗುಂಪಾಗಿ ಎತ್ತಿಕೊಂಡು, ಅದೇ ಕೆಲಸ ಇನ್ನೂ ಕಡಿಮೆ ಗೇಟಿನಲ್ಲಿ ಆಗುತ್ತದೆಯೇ ಎಂದು ನೋಡುವುದು ಅದರ ಪದ್ಧತಿ. ನಾಲ್ಕು ಇನ್‌ಪುಟ್ಟಿನ ಗುಂಪು 65,536 ಬಗೆಯಲ್ಲಿ ವರ್ತಿಸಬಹುದು. ಇನ್‌ಪುಟ್ಟುಗಳನ್ನು ಅದಲುಬದಲು ಮಾಡಿ, ಸೊನ್ನೆ ಒಂದುಗಳನ್ನು ಮಗುಚಿ ನೋಡಿದರೆ ಉಳಿಯುವುದು 222 ಪಂಗಡ ಅಷ್ಟೆ. ಮುಖ್ಯವಾದವಕ್ಕೆ ಅಗ್ಗದ ರಚನೆಗಳನ್ನು ಮೊದಲೇ ಹುಡುಕಿಟ್ಟುಕೊಂಡರೆ ಆಯಿತು. ನಿಮ್ಮ ಯಾವ ಜಾತಿ ಸಮೀಕ್ಷೆಯಲ್ಲಾದರೂ ಪಂಗಡಗಳ ಸಂಖ್ಯೆ ಹೀಗೆ ಇಳಿದದ್ದುಂಟೆ?

ಪ್ರಶ್ನೆ: ಮತ್ತೆ ನೀವು ಉಳಿದದ್ದು ಹೇಗೆ?

ಗೇಟು: ಗಡಿಯಲ್ಲಿದ್ದೆ. ಲಕ್ಷಾಂತರ ಗೇಟುಗಳನ್ನು ಒಟ್ಟಿಗೇ ನೋಡಿ ಅತಿ ಚಿಕ್ಕ ಸರ್ಕ್ಯೂಟು ಹುಡುಕುತ್ತೇನೆಂದು ಕೂತರೆ ಕಂಪ್ಯೂಟರಿನ ಆಯಸ್ಸು ಸಾಲದು. ಅದಕ್ಕೇ ಸರ್ಕ್ಯೂಟನ್ನು ತುಂಡು ಮಾಡಿ ಹಲವು ಕಂಪ್ಯೂಟರುಗಳಿಗೆ ಹಂಚುತ್ತಾರೆ. ನನ್ನ ತಂತಿ ಸದಾ 1 ಆಗಿರಲು ಕಾರಣ ಪಕ್ಕದ ತುಂಡಿನಲ್ಲಿದೆ. ಮೂಡಿಗೆರೆಯಿಂದ ಕಳಸ ಬೇರೆ ತಾಲ್ಲೂಕಾಯಿತಲ್ಲ. ಅರ್ಜಿ ಈ ಕಡೆ, ಹಳೇ ಕಡತ ಆ ಕಡೆ ಎಂದಿಟ್ಟುಕೊಳ್ಳಿ. ನಡುವಿನ ಗುಮಾಸ್ತ ಬೇಕೋ ಬೇಡವೋ ಎಂದು ಹೇಳುವವರು ಯಾರು?

ಪ್ರಶ್ನೆ: ಯಾರಿಗೂ ಅನುಮಾನ ಬರಲಿಲ್ಲವೇ?

ಗೇಟು: ಬಂದಿತ್ತು. ಸುಮ್ಮನೆ ಯದ್ವಾತದ್ವಾ ಇನ್‌ಪುಟ್ಟು ಕೊಟ್ಟು, ಯಾವಾಗಲೂ ಒಂದೇ ರಾಗ ಹಾಡುವ ತಂತಿಗಳನ್ನು ಗುರುತು ಹಾಕುತ್ತಾರೆ. ಆದರೆ ಗುರುತು ಹಾಕಿದರೆ ಸಾಲದು, ಎಲ್ಲ ಸಂದರ್ಭಕ್ಕೂ ಸಾಬೀತಾಗಬೇಕು. ಸಾಬೀತು ಮಾಡುವ ಕ್ರಮವಿಧಿಗೆ ಗಡುವು ಇರುತ್ತದೆ. ಗಡುವು ಮುಗಿಯಿತು, ಅನುಮಾನದ ಲಾಭ ಆರೋಪಿಗೆ.

ಪ್ರಶ್ನೆ: ಗೇಟು ಕಡಿಮೆ ಮಾಡುವವರು 'ಡೋಂಟ್ ಕೇರ್' ಎನ್ನುತ್ತಾರಲ್ಲ, ಹಾಗೆಂದರೇನು?

ಗೇಟು: ಇಂಥ ಇನ್‌ಪುಟ್ಟು ಎಂದೂ ಬರುವುದಿಲ್ಲ, ಬಂದರೂ ಉತ್ತರ ಏನಾದರೂ ಆಗಲಿ ಎಂದು ವಿನ್ಯಾಸಕಾರ ಬರೆದಿಡುವ ಪಟ್ಟಿ. ಪಟ್ಟಿ ಉದ್ದವಾದಷ್ಟೂ ಹೆಚ್ಚು ಗೇಟು ಉಳಿತಾಯ. ತಪ್ಪೇನಿಲ್ಲ. ಪಟ್ಟಿ ಬರೆಯುವವರು ಯಾರು ಎಂದಷ್ಟೇ ನೋಡಬೇಕು. ಈ ಯಂತ್ರಗಳು ಬರುವ ಮುಂಚೆ ಸಾಲಾಗಿ ಕೂತು ಕೈಯಲ್ಲೇ ಕಪ್ಪು ಬೀಜ ಆರಿಸುತ್ತಿದ್ದ ಹೆಂಗಸರನ್ನು ನೀವು ಯಾವ ಪಟ್ಟಿಯಲ್ಲಿ ಬರೆದಿರಿ?

(ಇದಕ್ಕೆ ಸಂದರ್ಶಕರ ಬಳಿ ಉತ್ತರವಿರಲಿಲ್ಲ. ಮುಂದಿನ ಪ್ರಶ್ನೆಗೆ ಹೋದೆವು.)

ಪ್ರಶ್ನೆ: ನಿಮ್ಮ ಮೇಲೆ ಕತ್ತಿ ಹಿಡಿದವರೆಲ್ಲ ಹೊರದೇಶದವರೇ?

ಗೇಟು: ಎಲ್ಲಿ ಬಂತು! 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, ಅದರ ಹಿಂದೆ ಬೇರೆಯವರೂ ಬಂದರು. ಈಗ ಚಿಪ್ ವಿನ್ಯಾಸ ಅಲ್ಲಿನ ದಿನದ ಕಸುಬು, ಮಾಡುವವರಲ್ಲಿ ನಿಮ್ಮ ತೋಟದ ಮಕ್ಕಳೂ ಇದ್ದಾರೆ. ಅಪ್ಪ ಮರಗಸಿಗೆ ಆಳು ಸಿಗುತ್ತಿಲ್ಲ ಎಂದು ಇಲ್ಲಿ ಪೇಚಾಡುತ್ತಾರೆ. ಮಗಳು ಅಲ್ಲಿ ಆಳು ಕಡಿಮೆ ಮಾಡಿದ್ದಕ್ಕೆ ಬೋನಸ್ಸು ತೆಗೆದುಕೊಳ್ಳುತ್ತಾಳೆ.

ಪ್ರಶ್ನೆ: ಆ ಮಗಳಿಗೆ ನಿಮ್ಮ ಸಲಹೆ?

ಗೇಟು: ತುಂಡು ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಪ್ರತಿ ಸುತ್ತಿನಲ್ಲೂ ಅದೇ ಗಡಿ ಇಟ್ಟುಕೊಂಡರೆ ಗಡಿಯಲ್ಲಿ ಅಡಗಿದವರು ಅಡಗಿಯೇ ಇರುತ್ತಾರೆ. ಮೊದಲ ಸುತ್ತಿನಲ್ಲಿ ಗಡಿಯಲ್ಲಿದ್ದದ್ದು ಎರಡನೇ ಸುತ್ತಿಗೆ ತುಂಡಿನ ನಡುಮಧ್ಯಕ್ಕೆ ಬರುವ ಹಾಗೆ ಗೆರೆ ಸರಿಸಬೇಕು.

ಪ್ರಶ್ನೆ: ಹಾಗೆ ಮಾಡಿದರೆ ನೀವೇ ಸಿಕ್ಕಿಬೀಳುತ್ತೀರಲ್ಲ?

ಗೇಟು: ಅದು ಮುಂದಿನ ಚಿಪ್ಪಿನಲ್ಲಿ ಬರುವವನ ಪಾಡು. ನಾನು ಸಿಲಿಕಾನಿನಲ್ಲಿ ಅಚ್ಚಾಗಿದ್ದೇನೆ. ಅಚ್ಚಾದ ಗೇಟನ್ನು ಕೀಳುವ ತಂತ್ರಾಂಶ ಯಾರ ಬಳಿಯೂ ಇಲ್ಲ.