'ಎವರಿಬಡಿ' ಅವರ ಸನ್ನಿಧಿಗೆ ಒಂದು ಬಿನ್ನಹ

ಶ್ರೀಯುತ 'ಎವರಿಬಡಿ', 'ಎವರಿವನ್', 'ಈಚ್', 'ನನ್' ಹಾಗೂ ಸಮಸ್ತ ಅನಿರ್ದಿಷ್ಟ ಸರ್ವನಾಮಗಳ ಪಾದಾರವಿಂದಗಳಿಗೆ,

ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿರುವ ತಮ್ಮ ಹಳೆಯ ವಿದ್ಯಾರ್ಥಿಯ ನಮಸ್ಕಾರಗಳು. ಉಭಯ ಕುಶಲೋಪರಿ.

ತಮ್ಮ ಮೊದಲ ದರ್ಶನವಾದದ್ದು ಏಳನೆಯ ತರಗತಿಯಲ್ಲಿ, ಬಿಟ್ಟ ಸ್ಥಳ ತುಂಬುವಾಗ. 'ಎವರಿಬಡಿ' ಎಂದರೆ ಎಲ್ಲರೂ ಎಂದು ಕಲಿತಿದ್ದೆ. ಎಲ್ಲರೂ ಅಂದಮೇಲೆ ಬಹುವಚನವೇ ತಾನೆ ಎಂದು 'ಹ್ಯಾವ್' ಬರೆದೆ. ಕೆಂಪು ಗೀಟು ಬಿತ್ತು. 'ಹ್ಯಾಸ್' ಎಂದು ಹತ್ತು ಸಲ ಬರೆದೆ. ಯಾಕೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಊರನ್ನೇ ಒಡಲಲ್ಲಿಟ್ಟುಕೊಂಡ ತಾವು ಎಣಿಸುವುದು ಒಬ್ಬೊಬ್ಬರನ್ನೇ, ತಮ್ಮ ಕೊನೆಯಲ್ಲಿರುವ 'ಬಡಿ', 'ವನ್' ಎಂಬ ತುಂಡುಗಳೇ ಆ ಏಕವಚನದ ಗುಟ್ಟು ಎಂದು ನನಗೆ ಹೊಳೆಯುವ ಹೊತ್ತಿಗೆ ಕಾಲೇಜು ಮುಗಿದಿತ್ತು.

ದಯವಿಟ್ಟು ಲಾಲಿಸಬೇಕು. ಆ ಹುಡುಗ ದಡ್ಡನಾಗಿರಲಿಲ್ಲ, ತನ್ನ ಭಾಷೆಯ ಲೆಕ್ಕ ಹಾಕಿದ್ದ. ನಮ್ಮಲ್ಲಿ ಒಬ್ಬ ಹಿರಿಯರು ಬಂದರೂ 'ಬಂದರು', ನೂರು ಜನ ಬಂದರೂ 'ಬಂದರು', ಪ್ರತಿಯೊಬ್ಬರೂ 'ಬಂದರು'. ಬಾರದವರ ವಿಷಯದಲ್ಲಂತೂ ವಚನದ ಗೊಡವೆಯೇ ಇಲ್ಲ: ನಾನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ, ಯಾರೂ ಬರಲಿಲ್ಲ.

'ಈಚ್' ಅವರಿಗೆ ಪ್ರತ್ಯೇಕ ವಂದನೆ. 'ಈಚ್ ಆಫ್ ದ ಬಾಯ್ಸ್' ಎಂದು ಹುಡುಗರ ಗುಂಪನ್ನೇ ಕ್ರಿಯಾಪದದ ಪಕ್ಕಕ್ಕೆ ತಂದು ನಿಲ್ಲಿಸಿ, ದೂರದಿಂದ ಏಕವಚನವನ್ನೇ ಕೇಳುತ್ತೀರಿ. ಹಿರಿಯರಾದ 'ನನ್' ಅವರೋ, ಹುಟ್ಟಿನಿಂದ 'ಒಂದೂ ಅಲ್ಲ'. ಆದರೂ ಹಳೆಯ ಇಂಗ್ಲಿಷಿನ ಕಾಲದಿಂದ ಎರಡೂ ವಚನಗಳಲ್ಲಿ ಓಡಾಡಿಕೊಂಡಿದ್ದೀರಿ. ಪರೀಕ್ಷೆಯಲ್ಲಿ ಮಾತ್ರ ಒಂದೇ ಉತ್ತರಕ್ಕೆ ಅಂಕ. ಎರಡೂ ಸರಿ ಎಂದು ತಾವೇ ಒಮ್ಮೆ ಬಂದು ಹೇಳಿದರೆ ಎಷ್ಟೋ ಮಕ್ಕಳು ಉಳಿದುಕೊಳ್ಳುತ್ತಾರೆ.

ನನಗೆ ನಿಜಕ್ಕೂ ನೋವಾದದ್ದು ಬೇರೆ ಕಡೆ. 'ಎವರಿವನ್' ಅವರೇ, ತಮ್ಮ ಪುಸ್ತಕವನ್ನು ಬಹುಕಾಲ 'ಹಿಸ್ ಬುಕ್' ಎಂದೇ ಬರೆಸಿದಿರಿ. 1850ರಲ್ಲಿ ಬ್ರಿಟಿಷ್ ಸಂಸತ್ತು, ಕಾಯಿದೆಗಳಲ್ಲಿ ಪುಲ್ಲಿಂಗ ಪದವಿದ್ದರೆ ಅದರಲ್ಲಿ ಸ್ತ್ರೀಯರೂ ಸೇರಿದಂತೆ ಎಂದು ಶಾಸನವನ್ನೇ ಮಾಡಿತು. ಹೆಣ್ಣುಮಕ್ಕಳೇ ಹೆಚ್ಚಿದ್ದ ನನ್ನ ತರಗತಿಯಲ್ಲಿ ಆ 'ಹಿಸ್' ಅನ್ನು ಹಲಗೆಯ ಮೇಲೆ ಬರೆದಿದ್ದೇನೆ. ಒಬ್ಬ ಹುಡುಗಿ 'ನನ್ನ ಪುಸ್ತಕ ಎಲ್ಲಿ ಸಾರ್' ಎಂದು ಕೇಳಿದ್ದಳು. ಕನ್ನಡದ 'ತಮ್ಮ ಪುಸ್ತಕ'ದಲ್ಲಿ ಅವಳಿಗೂ ಜಾಗವಿದೆ. ತಮ್ಮ ಮನೆಯಲ್ಲೂ ಇತ್ತು: 'ದೇ', 'ದೇರ್' ಎಂಬವು 14ನೆಯ ಶತಮಾನದಿಂದ ಏಕವಚನದ ಕೆಲಸ ಮಾಡಿಕೊಂಡು ಬಂದಿವೆ. 'ಎವರಿವನ್ ಈಸ್ ಹಿಯರ್, ಆರಂಟ್ ದೇ?' ಎಂದು ಒಂದೇ ವಾಕ್ಯದಲ್ಲಿ ಒಬ್ಬರಾಗಿ ಹೊರಟು ಹಲವರಾಗಿ ಮುಗಿಯುವುದನ್ನು ವ್ಯಾಕರಣದ ಪುಸ್ತಕಗಳೇ ಕಲಿಸುತ್ತವೆ. ಹಾಗಿರುವಾಗ ಆ ಹುಡುಗಿಯನ್ನು ಇಷ್ಟು ಕಾಲ ಹೊರಗೆ ನಿಲ್ಲಿಸಿದ್ದೇಕೆ ಸ್ವಾಮಿ?

ನಾಳೆ ಎಂಟನೆಯ ತರಗತಿಗೆ ತಮ್ಮ ಪಾಠ. ಹಲಗೆಯ ಎಡಕ್ಕೆ 'ಪ್ರತಿಯೊಬ್ಬರೂ ತಮ್ಮ ಪುಸ್ತಕ ತಂದಿದ್ದಾರೆ' ಎಂದು ಬರೆದು, ಬಲಕ್ಕೆ ತಮ್ಮನ್ನು ಕೂರಿಸಿ 'ಹ್ಯಾಸ್' ಬರೆಯುತ್ತೇನೆ, ಅದರ ಮುಂದೆ 'ದೇರ್'. ಕೆಂಪು ಪೆನ್ನು ಮೇಜಿನ ಒಳಗಿರುತ್ತದೆ. ಅಪ್ಪಣೆಯಾಗಬೇಕು.

ಇತಿ ತಮ್ಮ ವಿಧೇಯ,
ಒಬ್ಬ ಇಂಗ್ಲಿಷ್ ಮೇಷ್ಟ್ರು