ಮೀಸೆಯಿಲ್ಲದ ದಲ್ಲಾಳಿ

ತಾನು ಬೆಳೆಯದ ಹುಣಿಸೆ, ತಾನು ಕಾಯಿಸದ ಬೆಲ್ಲ, ತಾನು ಹೊರದ ಮೂಟೆ. ಮೂರರ ಮೇಲೂ ಕಮಿಷನ್ ಎಣಿಸಿಕೊಂಡು, ಮಧ್ಯಾಹ್ನ ಮುದ್ದೆ ಉಂಡು ಮಂಡಿಯ ಗದ್ದಿಗೆಯ ಮೇಲೆ ಒರಗುವ ವಿದ್ಯೆ ನಮ್ಮ ಹಿಂದೂಪುರಕ್ಕೆ ಹೊಸದಲ್ಲ. ಅದೇ ವಿದ್ಯೆಯನ್ನು ಬೆಂಗಳೂರಿನ ಕೋರಮಂಗಲದಲ್ಲಿ ಏಸಿ ಹಾಕಿಕೊಂಡು ಮಾಡಿದ್ದಕ್ಕೆ ಅಮೆರಿಕದಿಂದ ದುಡ್ಡು ಬಂತು. ನಮ್ಮ ದಲ್ಲಾಳಿಗೆ ಇಷ್ಟು ವರ್ಷವೂ ಬಂದದ್ದು ಬರೀ ಬೈಗುಳ. ಪಾಪ, ಹುಟ್ಟಿದ ಊರು ತಪ್ಪು.

ಕೋರಮಂಗಲದ ಆ ಅಂಗಡಿಗೆ ಬೋಣಿ ಮಾಡಿದ್ದು ಮಾತ್ರ ಬೆಂಗಳೂರಿನವರಲ್ಲ, ಆಗಿನ ಆಂಧ್ರದ ಮೆಹಬೂಬ್‌ನಗರದವರು. 2007ರಲ್ಲಿ ಇಬ್ಬರು ಬನ್ಸಲ್‌ಗಳು (ಅಣ್ಣತಮ್ಮಂದಿರಲ್ಲ, ಮನೆಹೆಸರು ಒಂದೇ, ಅಷ್ಟೇ) ಫ್ಲಿಪ್‌ಕಾರ್ಟ್ ತೆರೆದಾಗ ಮೊದಲ ಆರ್ಡರು ಒಂದು ಇಂಗ್ಲಿಷ್ ಪುಸ್ತಕಕ್ಕೆ ಬಂತು. ಪುಸ್ತಕ ಇವರ ಹತ್ತಿರ ಇದ್ದರೆ ತಾನೆ! ಊರಿನ ಪುಸ್ತಕದಂಗಡಿಗಳನ್ನೆಲ್ಲ ಸುತ್ತಿ, ಹುಡುಕಿ ತಂದು ಕಳಿಸಿದರು. ಮೊದಲು ಗಿರಾಕಿಯ ಕೈ ಹಿಡಿ, ಮಾಲು ಆಮೇಲೆ ನೋಡಿಕೊಳ್ಳೋಣ: ಇದನ್ನು ಹೇಳಿಕೊಡಲು ಅವರಿಗೆ ಐಐಟಿ ಯಾಕೆ ಬೇಕಿತ್ತೋ, ನಮ್ಮ ಮಾರ್ಕೆಟ್ ಯಾರ್ಡಿಗೆ ಬಂದಿದ್ದರೆ ಒಂದು ಟೀ ಕುಡಿಸಿ ಕಲಿಸಿಬಿಡುತ್ತಿದ್ದರು. 2018ರಲ್ಲಿ ಅದೇ ಕಂಪನಿಯ ನೂರಕ್ಕೆ 77 ಪಾಲನ್ನು ವಾಲ್‌ಮಾರ್ಟ್ 1,600 ಕೋಟಿ ಡಾಲರ್‌ಗೆ ಕೊಂಡಿತು.

ಬನ್ಸಲ್‌ಗಳ ನಿಜವಾದ ಚಾಣಾಕ್ಷತನ ಕಂಡದ್ದು 2010ರಲ್ಲಿ, ಮಾಲು ಕೈಗೆ ಬಂದ ಮೇಲೆ ದುಡ್ಡು ಕೊಡಿ ಎಂದಾಗ. ಕಾಣದ ಊರಿನ ಕಾಣದ ಸಾಹುಕಾರನಿಗೆ ಮುಂಗಡ ಕಟ್ಟುವಷ್ಟು ದಡ್ಡರು ನಮ್ಮ ಸೀಮೆಯಲ್ಲಿ ಸಿಗುವುದಿಲ್ಲ. ಬಾಗಿಲಲ್ಲಿ ನಿಂತು, ಡಬ್ಬ ಅಲ್ಲಾಡಿಸಿ, ಆಮೇಲೆ ಒಳಗೆ ಹೋಗಿ ಸಾಸಿವೆ ಡಬ್ಬಿಯಿಂದ ನೋಟು ತಂದು ಕೊಡುವ ಸುಖವೇ ಬೇರೆ. ಆ ಸುಖಕ್ಕೆ ಮರುಳಾಗಿಯೇ ನಾವು ಹಳ್ಳಕ್ಕೆ ಬಿದ್ದದ್ದು.

ಹೊಸ ಸಂತೆ ಕೂಡಿಸುವವರ ಕಷ್ಟ ಎಲ್ಲ ಕಡೆಯೂ ಒಂದೇ. ಮಾರುವವರು ಇಲ್ಲದಿದ್ದರೆ ಕೊಳ್ಳುವವರು ಬರುವುದಿಲ್ಲ, ಕೊಳ್ಳುವವರು ಇಲ್ಲದಿದ್ದರೆ ಮಾರುವವರು ಗಂಟು ಬಿಚ್ಚುವುದಿಲ್ಲ. ಅದಕ್ಕೇ ಮೊದಮೊದಲು ಸುಂಕ ಮನ್ನಾ. ಆ್ಯಪ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಂದವರ ಜೇಬಿಗೇ ದುಡ್ಡು ಹಾಕಿದವು. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ 'ಬಿಗ್ ಬಿಲಿಯನ್ ಡೇ' ಮಾಡಿದಾಗ ಜನ ಹೇಗೆ ನುಗ್ಗಿದರೆಂದರೆ ವೆಬ್‌ಸೈಟೇ ಕುಸಿದು, ಮಾಲೀಕರು ಗಿರಾಕಿಗಳ ಕ್ಷಮೆ ಕೇಳಬೇಕಾಯಿತು. ಜನ ಕ್ಷಮಿಸಿದರು, ಮುಂದಿನ ವರ್ಷ ಮತ್ತೆ ನುಗ್ಗಿದರು. ಸಂತೆ ಭರ್ತಿ ಆದ ಮೇಲೆ ಸುಂಕ ನಿಧಾನಕ್ಕೆ ಏರುತ್ತದೆ. ಅಷ್ಟು ಹೊತ್ತಿಗೆ ಊರಿನ ಹಳೇ ಸಂತೆಮಾಳದಲ್ಲಿ ಹುಲ್ಲು ಬೆಳೆದಿರುತ್ತದೆ.

ಈ ಸುಂಕದ ರುಚಿ ಚೆನ್ನಾಗಿ ಗೊತ್ತಿರುವವರು ನಮ್ಮ ಭಾವ. ಅಕ್ಕನನ್ನು ಕೊಟ್ಟಿರುವುದು ಕಲ್ಯಾಣದುರ್ಗಕ್ಕೆ, ಅಲ್ಲಿ ಅವರದು ಸೀರೆ ಅಂಗಡಿ. ಧರ್ಮಾವರ ಹತ್ತಿರವೇ ಇರುವುದರಿಂದ ಮಾಲಿಗೆ ಬರವಿಲ್ಲ. ಮಗ ಒತ್ತಾಯ ಮಾಡಿದ ಅಂತ ಯಾವುದೋ ಒಂದು ಆ್ಯಪ್‌ನಲ್ಲಿ ಸೀರೆಗಳ ಫೋಟೋ ಏರಿಸಿದರು. ಮುಂದಿನ ಸಲ ನಾನು ಹೋದಾಗ ಮುಖ ಹುಣಿಸೆ ತಿಂದಂತಿತ್ತು.

"ಅಲ್ಲಯ್ಯಾ, ಅಂಗಡಿಗೆ ಬಂದ ಹೆಂಗಸು ನಲವತ್ತು ಸೀರೆ ಬಿಚ್ಚಿಸಿ ಬೇಡ ಅಂದ್ರೆ ಮಡಚಿ ಇಡ್ತಿದ್ದೆ. ಈಗ ಅದೇ ಸೀರೆ 'ಬೇಡ' ಅನ್ನಿಸ್ಕೊಳ್ಳೋಕೆ ಅಸ್ಸಾಮಿಗೆ ಹೋಗಿ ಬರತ್ತೆ. ಹೋಗೋ ಖರ್ಚು, ಬರೋ ಖರ್ಚು, ಎರಡೂ ನಂದು!"

"ಬಂದದ್ದು ನಿಮ್ಮದೇ ಸೀರೆ ತಾನೆ ಭಾವ?"

"ನಂದೇ. ಸೆರಗಿನ ಮೇಲೆ ಅರಿಶಿನ ಮಾತ್ರ ನಂದಲ್ಲ. ಯಾರದೋ ಮದುವೆ ಮುಗಿಸ್ಕೊಂಡು ಬಂದಿದೆ."

ಕಮಿಷನ್ ಅಂತೂ ಕೊಡಲೇಬೇಕು. ಅದರ ಮೇಲೆ, ಸೀರೆ ಮೊದಲ ಸಾಲಿನಲ್ಲಿ ಕಾಣಬೇಕಾದರೆ ಬೇರೆ ದುಡ್ಡು. ಇಲ್ಲದಿದ್ದರೆ ಗಿರಾಕಿಯ ಹೆಬ್ಬೆರಳು ನೋಯುವವರೆಗೂ ಕೆಳಗೆ ತಳ್ಳಿದರೂ ಭಾವನವರ ಸೀರೆ ಸಿಗುವುದಿಲ್ಲ. ಕಮಿಷನ್ನೇ ಬೇಡ ಅನ್ನುವ ಪುಣ್ಯಾತ್ಮರೂ ಇದ್ದಾರೆ. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ, 2021ರಿಂದ ಮಾರುವವರಿಗೆ ಸೊನ್ನೆ ಕಮಿಷನ್ ಎಂದಿತು. ಹಾಗಾದರೆ ಅವರು ಗಾಳಿ ಕುಡಿದು ಬದುಕುತ್ತಾರೆಯೇ? ಜಾಹೀರಾತಿನಿಂದ ಬರುತ್ತದೆ, ಸಾಗಣೆಯಿಂದ ಬರುತ್ತದೆ. ಒಂದು ಜೇಬು ಹೊಲಿದುಬಿಟ್ಟರೆ ಇನ್ನೊಂದು ಜೇಬು ಬಿಚ್ಚಿಕೊಳ್ಳುತ್ತದೆ, ಅಂಗಿ ಒಂದೇ. ಬೆಂಗಳೂರಿನಲ್ಲೇ 2022ರ ನವೆಂಬರಿನಲ್ಲಿ ಬಂದ 'ನಮ್ಮ ಯಾತ್ರಿ' ಆಟೋ ಆ್ಯಪ್ ಇನ್ನೂ ನೇರ. ಸವಾರಿಯಲ್ಲಿ ಪಾಲು ಕೇಳದೆ, ಮಾರನೇ ವರ್ಷದಿಂದ ಆಟೋದವರ ಹತ್ತಿರ ದಿನಕ್ಕೆ 25 ರೂಪಾಯಿ ಇಸಿದುಕೊಂಡಿತು. ಸಂತೆಯ ನೆಲಬಾಡಿಗೆ ಅನ್ನಿ. ನನಗೆ ಈ ಲೆಕ್ಕವೇ ಇಷ್ಟ, ಯಾಕೆಂದರೆ ನನಗೆ ಅರ್ಥವಾಗುವುದು ಇದೊಂದೇ.

ಸರ್ಕಾರಕ್ಕೂ ದಲ್ಲಾಳಿಯ ಬುದ್ಧಿ ಗೊತ್ತು. ವಿದೇಶಿ ಬಂಡವಾಳದ ಕಂಪನಿ ಮಾರುವವರನ್ನೂ ಕೊಳ್ಳುವವರನ್ನೂ ಕೂಡಿಸಬಹುದೇ ಹೊರತು, ತಾನೇ ದಾಸ್ತಾನು ಇಟ್ಟು ಗಿರಾಕಿಗೆ ಮಾರುವಂತಿಲ್ಲ ಎಂದು 2016ರಲ್ಲೇ ಹೇಳಿತು. 2019ರ ಫೆಬ್ರವರಿಯಿಂದ, ತನ್ನ ಪಾಲಿರುವ ಕಂಪನಿಯ ಮಾಲನ್ನೂ ತನ್ನ ಕಟ್ಟೆಯ ಮೇಲೆ ಮಾರಿಸುವಂತಿಲ್ಲ ಎಂದಿತು. ಮಂಡಿ ಸಾಹುಕಾರ ಭಾಮೈದನ ಹೆಸರಿನಲ್ಲಿ ಮಾಲು ಹಿಡಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಹಮಾಲಿಗೂ ಗೊತ್ತಿರುವ ವಿಷಯ.

ಅದೇ ಸರ್ಕಾರ 2016ರ ಏಪ್ರಿಲ್ 14ರಂದು ಇ-ನಾಮ್ ಎಂದು ದೇಶಕ್ಕೆಲ್ಲ ಒಂದೇ ಕೃಷಿ ಸಂತೆ ತೆರೆಯಿತು. ನಮ್ಮ ಯಾರ್ಡಿನ ಹುಣಿಸೆಹಣ್ಣೂ ಮೊಬೈಲಿಗೆ ಹತ್ತಿತು. ದೆಹಲಿಯವನು ದೆಹಲಿಯಲ್ಲೇ ಕೂತು ಬಿಡ್ ಹಾಕಬಹುದಂತೆ. ಹಾಕಲಿ ನೋಡೋಣ! ಹುಣಿಸೆಯಲ್ಲಿ ಕರಿಪುಳಿ ದರ್ಜೆ ಯಾವುದು, ಫ್ಲವರ್ ದರ್ಜೆ ಯಾವುದು ಎಂದು ಫೋಟೋ ನೋಡಿ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ಎಸಳು ಬಿಡಿಸಿ, ಬೆರಳಲ್ಲಿ ಹಿಸುಕಿ ತೇವ ನೋಡಿ, ಚೂರು ನಾಲಿಗೆಗಿಟ್ಟು ಒಂದು ಕಣ್ಣು ಮುಚ್ಚಬೇಕು. ಆ ಒಂದು ಕಣ್ಣಿನಲ್ಲಿ ಕ್ವಿಂಟಲಿಗೆ ಸಾವಿರಾರು ರೂಪಾಯಿ ವ್ಯತ್ಯಾಸ ಇರುತ್ತದೆ. ಹಾಗಾಗಿ ಬಿಡ್ ಮೊಬೈಲಿನಲ್ಲಿ ಬೀಳುತ್ತದೆ, ಹಾಕುವವರು ರಾಶಿಯ ಪಕ್ಕದಲ್ಲೇ ನಿಂತಿರುತ್ತಾರೆ.

ನಮ್ಮಂಥ ಗಡಿಯವರ ಪಾಡು ಬೇರೆಯೇ. 2022ರ ಏಪ್ರಿಲ್‌ನಲ್ಲಿ ಹಿಂದೂಪುರವನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಹಾಕಿದರು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ನಾನು 515201 ಎಂದು ಪಿನ್ ಒತ್ತಿದರೆ ಕೆಲವು ಆ್ಯಪ್ ಇವತ್ತಿಗೂ 'ಅನಂತಪುರ' ಎನ್ನುತ್ತದೆ. ಡೆಲಿವರಿ ಹುಡುಗ "ಎಕ್ಕಡ ಸಾರ್?" ಅನ್ನುತ್ತಾನೆ, ನಾನು "ಇಲ್ಲೇ ಬಾರಪ್ಪ, ಆಂಜನೇಯನ ಗುಡಿ ಹಿಂದೆ" ಅನ್ನುತ್ತೇನೆ, "ಏ ಆಂಜನೇಯುಡು?" ಅನ್ನುತ್ತಾನೆ. ನ್ಯಾಯವಾದ ಪ್ರಶ್ನೆ. ಊರಲ್ಲಿ ಆಂಜನೇಯನಿಗೇನು ಕೊರತೆಯೇ?

'ಎರಡೇ ಉಳಿದಿವೆ, ಬೇಗ ಮಾಡಿ' ಎಂದು ಆ್ಯಪ್‌ಗಳು ಸುಳ್ಳು ಅವಸರ ಮಾಡಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ತುರುಕುವುದು ಮುಂತಾದ 13 ಕಪಟಗಳನ್ನು 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಈ ಕಾನೂನನ್ನು ನಮ್ಮ ವಾರದ ಸಂತೆಗೂ ಹಾಕಿದ್ದರೆ "ಇದೇ ಕೊನೇ ಪೀಸು ಕಣಮ್ಮ" ಅನ್ನುತ್ತ ಬುಟ್ಟಿಯಡಿಯಿಂದ ಇನ್ನೊಂದು ತೆಗೆಯುವವರೆಲ್ಲ ಜೈಲಿನಲ್ಲೇ ಸಂತೆ ಕಟ್ಟಬೇಕಿತ್ತು. ನಾವೇನು ಸಾಚಾಗಳೇ? ನಲವತ್ತು ರೂಪಾಯಿ ಸಾಗಣೆ ಉಳಿಸಲು ಇನ್ನೂರು ರೂಪಾಯಿಯ ಹಲಸಿನಕಾಯಿ ಹೆಚ್ಚುವ ಯಂತ್ರ ಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಮನೆಯಲ್ಲಿ ಹಲಸು ತಿನ್ನುವವರಿಲ್ಲ.

ಭಾವ ಈಗ ಆ್ಯಪ್‌ನಿಂದ ಹೊರಗೆ ಬಂದಿದ್ದಾರೆ, ಆದರೆ ಅದರ ಮೇಲೆ ಸಿಟ್ಟಿಲ್ಲ. ಗಿರಾಕಿ ಬಂದು ಮೊಬೈಲ್ ತೋರಿಸಿ "ಇಲ್ಲಿ ಕಮ್ಮಿಗಿದೆ" ಅಂದರೆ, "ಅಲ್ಲೇ ತರಿಸ್ಕೊಳಮ್ಮ, ಚೆನ್ನಾಗಿದೆ" ಅನ್ನುತ್ತಾರೆ. ಅಂಗಡಿಯ ಮೂಲೆಯಲ್ಲಿ ಎರಡು ಹೊಲಿಗೆ ಮಿಷನ್ ಬಂದಿವೆ. ಫಾಲ್, ಜಿಗ್‌ಜಾಗ್, ಕುಚ್ಚು. ಸೀರೆ ಯಾವ ಊರಿನಿಂದ ಬಂದರೂ ಕುಚ್ಚು ಕಟ್ಟಿಸಲು ಇಲ್ಲಿಗೇ ಬರಬೇಕು.

"ರಿಟರ್ನ್ ಕಾಟ ಇಲ್ವಾ ಭಾವ?" ಅಂದೆ.

"ಫಾಲ್ ಹೊಲಿದ ಸೀರೆನ ಅಸ್ಸಾಮಿನೋರು ವಾಪಸ್ ತಗೊಳಲ್ಲ ಕಣಯ್ಯಾ" ಎಂದು ಸೂಜಿಗೆ ದಾರ ಪೋಣಿಸತೊಡಗಿದರು.