ಮುನ್ನೂರರ ಮೇಲೊಂದು ಹತ್ತು

(ಕೋಲಾರ ಚಿನ್ನದ ಗಣಿ ಪ್ರದೇಶದ ಊರಿಗಾಂ ಸ್ಟೇಷನ್. ಬಂಗಾರಪೇಟೆ ರೈಲಿಗೆ ಕಾಯುತ್ತಿರುವ ಸರ್ಕಾರಿ ಗುಮಾಸ್ತ. ಪಕ್ಕದಲ್ಲಿ ಹಳೇ ಗಣಿಕಾರ್ಮಿಕ.)

ಗುಮಾಸ್ತ: ಏಪ್ರಿಲ್ 30ಕ್ಕೆ ರಿಟೈರ್ ಅಣ್ಣಾ. ಜನವರಿಯಲ್ಲಿ ಎಲ್ಲರಿಗೂ 15 ಗಳಿಕೆ ರಜೆ ಜಮೆ. ನನಗೆ ತಿಂಗಳಿಗೆ ಎರಡೂವರೆಯಂತೆ ಬರೀ 10!

ಕಾರ್ಮಿಕ: ಖಾತೇಲಿ ಎಷ್ಟಿದೆ?

ಗುಮಾಸ್ತ: ಆಗಲೇ 300. ನಗದಾಗೋದೂ ಅಷ್ಟಕ್ಕೇ.

ಕಾರ್ಮಿಕ: ಹಾಗಾದ್ರೆ ಹತ್ತು ದಿನ ಮನೇಲಿರು.

ಗುಮಾಸ್ತ: ಅಯ್ಯೋ, ಆಫೀಸು ನಿಂತುಹೋಗುತ್ತೆ!

ಕಾರ್ಮಿಕ: ನೀನಿದ್ದಾಗ ಓಡ್ತಿತ್ತಾ?

ಗುಮಾಸ್ತ: (ಕೆಮ್ಮಿ) ನಿಮ್ಮ ಕಾಲದಲ್ಲಿ ಹೇಗಿತ್ತು?

ಕಾರ್ಮಿಕ: ನೆಲದಡಿ 15 ದಿನ ದುಡಿದ್ರೆ ಒಂದು ರಜೆ, ಮೇಲಿದ್ದವರಿಗೆ 20ಕ್ಕೊಂದು. ಕೂಡಿಟ್ಟರೂ 30 ದಾಟಂಗಿಲ್ಲ. 300 ಅಂದ್ರೆ ನಮಗೆ ನಿಧಿ ಕಣಪ್ಪ! ಕೊನೆಗೆ 2001ರ ಫೆಬ್ರವರಿ 28ಕ್ಕೆ ಗಣಿಯೇ ವರ್ಷದ ನಡುವೆ ರಿಟೈರ್ ಆಯ್ತು.

ಗುಮಾಸ್ತ: ಅದರ ಖಾತೇಲಿ ಎಷ್ಟಿತ್ತೋ?

ಕಾರ್ಮಿಕ: ನೂರಿಪ್ಪತ್ತು ವರ್ಷದ್ದು. ಇನ್ನೂ ರಜೆಯಲ್ಲೇ ಇದೆ.

(ರೈಲು ಬಂತು. ಗುಮಾಸ್ತ ಅರ್ಜಿ ಬರೆಯಲಿಲ್ಲ.)

ಓದುಗರೇ, ನೀವಾದರೂ ಬರೆಯಿರಿ. ಮೇ 1ರಂದು ಯಾವ ಮೇಲಧಿಕಾರಿಯೂ ನಿಮಗೆ ರಜೆ ಮಂಜೂರು ಮಾಡಲಾರ.